ವೀರಗಾಸೆಯ ಸಮಾಳಕ್ಕೆ ಲೆವೆಲ್ ಇಡುವುದು: ಝೂಮ್ ಎಚ್5 ರೆಕಾರ್ಡರಿನ ದೀರ್ಘಕಾಲದ ಬಳಕೆ

ಕಡೂರು, ಬೀರೂರು ಸುತ್ತಿನ ಹಳ್ಳಿಗಳ ವೀರಗಾಸೆಯನ್ನೂ ಮಲೆನಾಡಿನ ಮನೆಗಳ ಸೋಬಾನೆ ಪದಗಳನ್ನೂ ಮುದ್ರಿಸಿಕೊಳ್ಳಲು ನಾನು ಹಲವು ವರ್ಷಗಳಿಂದ ಝೂಮ್ ಸಂಸ್ಥೆಯ ಎಚ್5 ಎಂಬ ಧ್ವನಿ ರೆಕಾರ್ಡರನ್ನು ಬಳಸುತ್ತಿದ್ದೇನೆ. ಇದು 2014ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ. ಇದರ ನೋಟ, ತೂಕ, ಮೆನುಗಳ ಬಗ್ಗೆ ಬೇಕಾದಷ್ಟು ಮಾಹಿತಿ ಈಗಾಗಲೇ ಸಿಗುವುದರಿಂದ, ಜೋರಾದ ಸದ್ದು ಒಡೆಯದಂತೆ ಲೆವೆಲ್, ಅಂದರೆ ಮುದ್ರಣವಾಗುವ ಸದ್ದಿನ ಮಟ್ಟ, ಇಡಲು ಈ ಯಂತ್ರ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಕೊನೆಯ ಗೆರೆ. ಅದಕ್ಕಿಂತ ಮೇಲಿನ ಸದ್ದನ್ನು ಬರೆದಿಡಲು ಯಂತ್ರದ ಬಳಿ ಅಂಕಿಯೇ ಇರುವುದಿಲ್ಲವಾದ್ದರಿಂದ ಅಲೆಯ ನೆತ್ತಿ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಮೂಲದಲ್ಲಿ ಇಲ್ಲದ ಕರ್ಕಶ ಸ್ವರಗಳು ಸೇರಿಕೊಳ್ಳುತ್ತವೆ. ಹಳೆಯ ಟೇಪಿನಲ್ಲಿ ಸದ್ದು ಹೆಚ್ಚಾದರೆ ಅದು ಹಂತಹಂತವಾಗಿ ಮಂಕಾಗುತ್ತಿತ್ತು. ಇಲ್ಲಿ ಅಂತಹ ರಿಯಾಯಿತಿ ಇಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ವಾಲ್ಯೂಮ್ ಇಳಿಸಿದರೆ ಒಡೆದ ಸದ್ದು ಸಣ್ಣದಾಗಿ ಕೇಳಿಸುತ್ತದೆಯೇ ಹೊರತು ಸರಿಯಾಗುವುದಿಲ್ಲ. ದುರಸ್ತಿ ಮಾಡುವ ತಂತ್ರಾಂಶಗಳು ಕಳೆದುಹೋದ ನೆತ್ತಿಯನ್ನು ಊಹಿಸಿ ತುಂಬುತ್ತವೆ, ಅಷ್ಟೇ.

ವೀರಗಾಸೆಯಲ್ಲಿ ಈ ಸಮಸ್ಯೆ ಎದ್ದು ಕಾಣುತ್ತದೆ. ಕುಣಿತದ ನಡುವೆ ಏರುದನಿಯಲ್ಲಿ ಹೇಳುವ ಸಾಲುಗಳೇ ಒಡಪು; ಅದನ್ನು ಹೇಳುವವರು ಮುಂದೆ ಬಂದು ನಿಂತಾಗ ವಾದ್ಯಗಳೆಲ್ಲ ನಿಲ್ಲುತ್ತವೆ. ‘ಅಹಹಾ ದೇವ’ ಎಂದು ಶುರುವಾಗುವ ಆ ಒಂಟಿ ದನಿಯೇ ಸಾಕಷ್ಟು ಎತ್ತರದ್ದು. ಅದನ್ನು ಕೇಳಿ ಲೆವೆಲ್ ಇಟ್ಟರೆ, ಸದ್ದಿನ ಮಟ್ಟ ತೋರಿಸುವ ಮೀಟರು ಅಂದವಾಗಿಯೇ ಕಾಣುತ್ತದೆ. ಒಡಪಿನ ಕೊನೆಯ ಪದ ಬಾಯಿಂದ ಬಿದ್ದ ಕ್ಷಣದಲ್ಲಿ ಸಮಾಳ, ಕರಡೆ ಎಂಬ ಚರ್ಮವಾದ್ಯಗಳೂ ತಾಳಗಳೂ ಒಟ್ಟಿಗೆ ಹೊಡೆಯುತ್ತವೆ, ಮೀಟರಿನ ಪಟ್ಟಿ ಒಂದೇ ಸಲಕ್ಕೆ ಬಲತುದಿಗೆ ಹೋಗಿ ತಾಕುತ್ತದೆ. ಆದ್ದರಿಂದ ಲೆವೆಲನ್ನು ಒಡಪಿಗಲ್ಲ, ಆ ಮೊದಲ ಹೊಡೆತಕ್ಕೆ ಇಡಬೇಕು. ಇದಕ್ಕಾಗಿ ನಾನು ತಂಡದ ಹಿರಿಯರನ್ನು ‘ಯಜಮಾನ್ರೇ, ಒಂದು ಸಲ ಪೂರ್ತಿ ಜೋರಿನಲ್ಲಿ ಬಾರಿಸಿ ತೋರಿಸಿ’ ಎಂದು ಕೇಳಿಕೊಳ್ಳುತ್ತೇನೆ. ಆದರೆ ಪರೀಕ್ಷೆಗೆಂದು ಬಾರಿಸುವಾಗ ಯಾರೂ ಪೂರ್ತಿ ಜೋರಿನಲ್ಲಿ ಬಾರಿಸುವುದಿಲ್ಲ. ಜನ ಸೇರಿ, ಕುಣಿತದ ಆವೇಶ ಏರಿದ ಮೇಲೆ ಬರುವ ಸದ್ದೇ ಬೇರೆ. ಹೀಗಾಗಿ ಪರೀಕ್ಷೆಯ ಹೊಡೆತ ಮೈನಸ್ 18 ಡೆಸಿಬೆಲ್‌ನ ಆಸುಪಾಸಿಗೆ ಬರುವಂತೆ ಗೇನ್ (ಒಳಬರುವ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ) ಇಟ್ಟರೆ, ನಿಜವಾದ ಕುಣಿತದ ಹೊಡೆತಗಳು ಮೈನಸ್ 12 ಮತ್ತು ಮೈನಸ್ 6ರ ನಡುವೆ ಬಂದು ನಿಲ್ಲುತ್ತವೆ.

ಇಷ್ಟು ಕೆಳಗೆ ಮುದ್ರಿಸಿದರೆ ಧ್ವನಿಯ ಗುಣ ಕೆಡುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬಿಟ್ ಎಂದರೆ ಸದ್ದಿನ ಪ್ರತಿ ಅಳತೆಯನ್ನು ಬರೆದಿಡುವ ಅಂಕಿಯ ಗಾತ್ರ. 16 ಬಿಟ್‌ನಲ್ಲಿ ಸಿಗುವ, ಅತಿ ಸಣ್ಣ ಸದ್ದಿನಿಂದ ಅತಿ ದೊಡ್ಡ ಸದ್ದಿನವರೆಗಿನ ವ್ಯಾಪ್ತಿ ಸುಮಾರು 96 ಡೆಸಿಬೆಲ್. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಹಳ್ಳಿಯ ಬಯಲಿನಲ್ಲಿ ಜನರ ಮಾತು, ಜನರೇಟರಿನ ಗುಂಯ್ ಸದ್ದು, ಜೀರುಂಡೆಗಳ ದನಿ ಎಲ್ಲವೂ ಯಂತ್ರದ ಸ್ವಂತ ಗೊರಗೊರಕ್ಕಿಂತ ಎಷ್ಟೋ ಮೇಲಿರುತ್ತವೆ. ಆದ್ದರಿಂದ 24 ಬಿಟ್‌ನಲ್ಲಿ ಮೇಲುಗಡೆ 12 ಡೆಸಿಬೆಲ್ ಖಾಲಿ ಬಿಟ್ಟರೆ ಅಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ. ಮೀಟರನ್ನು ತುದಿಯವರೆಗೆ ತುಂಬಿಸಬೇಕೆಂಬ ಹಳೆಯ ಅಭ್ಯಾಸವನ್ನು ಧೈರ್ಯವಾಗಿ ಬಿಡಬಹುದು.

ಇನ್ನು ಯಂತ್ರದ ವಿಚಾರ. ಮೈಕಿನ ತಲೆಯ ಮೇಲೊಂದು, ಎರಡು ಇನ್‌ಪುಟ್‌ಗಳಿಗೆ ತಲಾ ಒಂದರಂತೆ ಗೇನ್ ನಾಬ್‌ಗಳಿವೆ. ಮೆನುವಿನೊಳಗೆ ಹುಡುಕದೆ, ಕತ್ತಲಲ್ಲೂ ಬೆರಳಿಗೆ ಸಿಗುವ ಈ ನಾಬ್‌ಗಳನ್ನು ನಾನು ಇದರ ದೊಡ್ಡ ಗುಣವೆಂದು ಎಣಿಸುತ್ತೇನೆ. ಅದಕ್ಕಿಂತಲೂ ಹೆಚ್ಚು ನೆಮ್ಮದಿ ಕೊಟ್ಟಿರುವುದು ಬ್ಯಾಕಪ್ ಮುದ್ರಣದ ಸೌಲಭ್ಯ. ಅದನ್ನು ಆನ್ ಮಾಡಿಟ್ಟರೆ, ಮೈಕಿನ ಸದ್ದು 12 ಡೆಸಿಬೆಲ್ ಕೆಳಗಿನ ಲೆವೆಲ್‌ನಲ್ಲಿ, ಅಂದರೆ ಅಲೆಯ ಎತ್ತರ ಸುಮಾರು ಕಾಲುಭಾಗವಾಗಿ, ಇನ್ನೊಂದು ಫೈಲಿನಲ್ಲೂ ದಾಖಲಾಗುತ್ತದೆ. ಮುಖ್ಯ ಫೈಲಿನಲ್ಲಿ ಎಲ್ಲಾದರೂ ಒಂದು ಹೊಡೆತ ಗೆರೆ ದಾಟಿದ್ದರೆ, ಬ್ಯಾಕಪ್‌ನಿಂದ ಅಷ್ಟೇ ತುಂಡನ್ನು ತೆಗೆದು, 12 ಡೆಸಿಬೆಲ್ ಏರಿಸಿ ಅಲ್ಲಿಗೆ ಕೂರಿಸಬಹುದು. ಈ ಸೌಲಭ್ಯ ಯಂತ್ರದ ಮೈಕಿನ ಎಡ-ಬಲ ಚಾನೆಲ್‌ಗಳಿಗೆ ಮಾತ್ರ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೊ ಮುದ್ರಣಕ್ಕೆ ಗಂಟೆಗೆ ಸುಮಾರು 1 ಜಿಬಿ ಬೇಕು, ಬ್ಯಾಕಪ್ ಸೇರಿದರೆ 2 ಜಿಬಿ. 32 ಜಿಬಿ ಕಾರ್ಡಿನಲ್ಲಿ ರಾತ್ರಿಯಿಡೀ ನಡೆಯುವ ಕಾರ್ಯಕ್ರಮವೂ ಹಿಡಿಯುತ್ತದೆ.

ಗೆರೆ ದಾಟುವ ಸದ್ದನ್ನು ತಾನಾಗಿಯೇ ತಗ್ಗಿಸುವ ಲಿಮಿಟರನ್ನು ನಾನು ವೀರಗಾಸೆಗೆ ಬಳಸುವುದಿಲ್ಲ. ಅದು ಸಮಾಳದ ಹೊಡೆತವನ್ನು ಅದುಮಿ, ಪೆಟ್ಟಿನ ಹರಿತವನ್ನೇ ತೆಗೆದುಬಿಡುತ್ತದೆ. ಸದ್ದು ಜೋರೆನಿಸಿದರೆ ಮೊದಲು ಸ್ಟ್ಯಾಂಡನ್ನು ಹಿಂದಕ್ಕೆ ಸರಿಸುತ್ತೇನೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಜಾತ್ರೆಯ ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ತಂತಿ ಎಳೆಯುವಾಗ ಒಳಬರುವ ಸದ್ದನ್ನು ಮೊದಲೇ ಇಳಿಸುವ, ಇನ್‌ಪುಟ್‌ನ ಮೈನಸ್ 20 ಡೆಸಿಬೆಲ್ ಪ್ಯಾಡ್ ಹಾಕಲೇಬೇಕು. ಇಲ್ಲವಾದರೆ ಗೇನ್ ನಾಬನ್ನು ತೀರಾ ಕೆಳಗೆ ಇಟ್ಟಾಗಲೂ ಮುಂಚಿನ ಹಂತದಲ್ಲೇ ಸದ್ದು ಒಡೆಯಬಹುದು. ಆಗ ಮೀಟರು ಕೆಂಪಾಗದಿದ್ದರೂ ಕಿವಿಗೆ ಒಡಕು ಕೇಳಿಸುತ್ತದೆ. ಹೆಡ್‌ಫೋನ್ ಇಲ್ಲದೆ ಮೀಟರನ್ನಷ್ಟೇ ನಂಬುವುದು ಸರಿಯಲ್ಲ ಎನ್ನುವುದಕ್ಕೆ ಇದೇ ಕಾರಣ.

ಸೋಬಾನೆ ಪದಕ್ಕೆ ಲೆಕ್ಕಾಚಾರ ಬೇರೆ. ಅಜ್ಜಿಯರ ದನಿ ತಗ್ಗಿನದು, ಅದಕ್ಕೆಂದು ಗೇನ್ ಏರಿಸಿಟ್ಟಾಗ ಪದದ ನಡುವೆ ಎದ್ದ ನಗು, ನೆಲಕ್ಕೆ ಇಟ್ಟ ಹಿತ್ತಾಳೆ ತಟ್ಟೆಯ ಟಣ್ ಎಂಬ ಸದ್ದು ಗೆರೆ ದಾಟುತ್ತವೆ. ಇಲ್ಲಿ ಗೇನ್ ಏರಿಸುವ ಬದಲು ಮೈಕನ್ನು ಹಾಡುವವರ ಹತ್ತಿರಕ್ಕೆ ಒಯ್ಯುವುದೇ ಲೇಸು. ಬಾಬಾಬುಡನ್‌ಗಿರಿ ಕಡೆಯ ಗಾಳಿಗಂತೂ ರೋಮದ ಗಾಳಿಕವಚ ಕಡ್ಡಾಯ. ಗಾಳಿಯ ತಗ್ಗು ಸ್ವರವೇ ಲೆವೆಲನ್ನು ತುಂಬಿಸಿ ಒಡೆದುಬಿಟ್ಟರೆ, ಆಮೇಲೆ ಯಾವ ಫಿಲ್ಟರೂ ಅದನ್ನು ಬಿಡಿಸಿಕೊಡದು.

ಈಗ ಇದೇ ಸಂಸ್ಥೆಯ ಎಚ್4 ಎಸೆನ್ಷಿಯಲ್‌ನಂತಹ, ತೀರಾ ಸಣ್ಣ ಮತ್ತು ತೀರಾ ಜೋರಿನ ಸದ್ದು ಎರಡನ್ನೂ ಬರೆದಿಡಬಲ್ಲ 32 ಬಿಟ್ ಫ್ಲೋಟ್ ಯಂತ್ರಗಳು ಬಂದಿವೆ. ಅವುಗಳಲ್ಲಿ ಮುದ್ರಣಕ್ಕೆ ಮುನ್ನ ಗೇನ್ ಹೊಂದಿಸುವ ಗೋಜೇ ಇಲ್ಲ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ಒಬ್ಬರೇ ಕ್ಯಾಮೆರಾ ಮತ್ತು ಧ್ವನಿ ಎರಡನ್ನೂ ನೋಡಿಕೊಳ್ಳುವವರಿಗೆ, ನಾನು ಅದನ್ನೇ ಸೂಚಿಸುತ್ತೇನೆ. ಕಡಿಮೆ ಹಣಕ್ಕೆ ಬಳಸಿದ ಎಚ್5 ಸಿಕ್ಕರೆ ಅದೂ ಒಳ್ಳೆಯ ವ್ಯಾಪಾರವೇ. ಆದರೆ ಹಣ ಕೊಡುವ ಮುನ್ನ ಹೆಡ್‌ಫೋನ್ ಹಾಕಿಕೊಂಡು ಮೂರೂ ಗೇನ್ ನಾಬ್‌ಗಳನ್ನು ನಿಧಾನವಾಗಿ ತಿರುಗಿಸಿ, ಕರಕರ ಸದ್ದು ಬರುತ್ತದೆಯೇ ನೋಡಿ. ಮೈಕಿನ ಬಳಿ ಜೋರಾಗಿ ಚಪ್ಪಾಳೆ ತಟ್ಟಿ, ಬ್ಯಾಕಪ್ ಫೈಲು ಸರಿಯಾಗಿ ಉಳಿದಿದೆಯೇ ಎಂದು ಅಲ್ಲೇ ತೆರೆದು ಕೇಳಿ.