ರಾಜೀನಾಮೆ ಬರೆದುಕೊಡುವ ಮುನ್ನ ಇದನ್ನು ಓದಿ

ಪೀಣ್ಯದ ಒಂದು ಪ್ಲಾಸ್ಟಿಕ್ ಆಟಿಕೆ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಮೋಲ್ಡಿಂಗ್ ಯಂತ್ರ ನಡೆಸಿದವನು ನಾನು. 2019ರ ಕೊನೆಗೆ ಅದು ಮುಚ್ಚಿತು. ಚೀನಾದಿಂದ ಬಂದಿಳಿಯುತ್ತಿದ್ದ ಕಾರು, ಗೊಂಬೆಗಳ ಬೆಲೆಗೆ ನಮ್ಮಲ್ಲಿ ಕಚ್ಚಾ ಮಾಲೂ ಸಿಗುತ್ತಿರಲಿಲ್ಲ. ಆಟಿಕೆಗಳ ಮೇಲೆ ಆಗ ಇದ್ದ ಆಮದು ಸುಂಕ ಶೇ 20. ಅದನ್ನು ಶೇ 60ಕ್ಕೆ ಏರಿಸಿದ್ದು 2020ರ ಬಜೆಟ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಯಂತ್ರಗಳು ಗುಜರಿ ಸೇರಿದ್ದವು, ಮಾಲೀಕರು ಅದೇ ಗೋದಾಮಿನಲ್ಲಿ ಆಮದು ಆಟಿಕೆಗಳ ಪೆಟ್ಟಿಗೆ ಪೇರಿಸುತ್ತಿದ್ದರು.

ಮುಚ್ಚುವ ವಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ‘ನೋಡಪ್ಪ, ಕೋರ್ಟು ಕಚೇರಿ ಎಂದು ಅಲೆಯಬೇಡ. ರಾಜೀನಾಮೆ ಬರೆದುಕೊಡು, ಪಿಎಫ್ ಬೇಗ ಬರುತ್ತದೆ, ಚೆಕ್ಕು ಇವತ್ತೇ ಕೊಡುತ್ತೇನೆ’ ಎಂದರು ಮ್ಯಾನೇಜರ್. ಮೇಜಿನ ಮೇಲೆ ಚೆಕ್ಕು ಕಾಣುವಂತೆಯೇ ಇಟ್ಟಿದ್ದರು. ‘ಸ್ವಂತ ಕಾರಣಗಳಿಂದ’ ಎಂದು ಅವರು ಹೇಳಿದಂತೆ, ನನ್ನದೇ ಅಕ್ಷರದಲ್ಲಿ ಬರೆದೆ.

ಆ ಚೆಕ್ಕು ಏನೆಂದು ಆಮೇಲೆ ತಿಳಿಯಿತು: ನನ್ನ ಗ್ರಾಚ್ಯುಟಿ, ಅಂದರೆ ಸೇವೆಯ ಕೊನೆಗೆ ಮಾಲೀಕರು ಕೊಡುವ ಇಡಿಗಂಟು. ಐದು ವರ್ಷ ದಾಟಿದವರು ರಾಜೀನಾಮೆ ಕೊಟ್ಟರೂ, ಕೊಡದಿದ್ದರೂ ಸಿಗಲೇಬೇಕಾದ ಹಣ. ನನ್ನ ಹಣವನ್ನೇ ನನಗೆ ತೋರಿಸಿ ನನ್ನ ಸಹಿ ಕೊಂಡುಕೊಂಡರು.

ಆಮದಿನ ಹೊಡೆತಕ್ಕೆ ಕೆಲಸ ಹೋದವರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಪರಿಹಾರವಿಲ್ಲ. ಇರುವುದು ಇಎಸ್‌ಐ, ಸಂಬಳದಿಂದ ವಂತಿಗೆ ಕಟ್ಟುವ ಕಾರ್ಮಿಕರ ಸರ್ಕಾರಿ ವಿಮೆ. ಅದರಲ್ಲಿ 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬುದೊಂದಿದೆ. ಕಾರ್ಖಾನೆ ಮುಚ್ಚಿದ್ದರಿಂದ, ಇಲ್ಲವೇ ಶಿಸ್ತುಕ್ರಮವಾಗಿ ಅಲ್ಲದೆ ಕೆಲಸಗಾರರನ್ನು ಕಡಿತ ಮಾಡಿದ್ದರಿಂದ ಕೆಲಸ ಹೋದರೆ ಮೊದಲ ಹನ್ನೆರಡು ತಿಂಗಳು ಕೂಲಿಯ ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ ಭತ್ಯೆ, ಜೊತೆಗೆ ಕುಟುಂಬಕ್ಕೆ ಚಿಕಿತ್ಸೆ. ನನ್ನ ಸಂಬಳ 18,000. ಲೆಕ್ಕ ಹಾಕಿ ನೋಡಿ: ಎರಡು ವರ್ಷಕ್ಕೆ 1,62,000 ರೂಪಾಯಿ. ಹನ್ನೆರಡು ವರ್ಷ ತಿಂಗಳು ತಪ್ಪದೆ ಸಂಬಳದಲ್ಲಿ ವಂತಿಗೆ ಮುರಿದುಕೊಂಡದ್ದು ಇಂತಹ ದಿನಕ್ಕಲ್ಲದೆ ಮತ್ತೇತಕ್ಕೆ? ಆದರೆ ತಾನಾಗಿ ಬಿಟ್ಟು ಹೋದವನಿಗೆ ಈ ಭತ್ಯೆ ಇಲ್ಲ. ಕಾಗದದ ಪ್ರಕಾರ ನಾನು ತಾನಾಗಿ ಬಿಟ್ಟು ಹೋದವನು.

ಹೋದದ್ದು ಅದೊಂದೇ ಅಲ್ಲ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮುಚ್ಚುವ ಮಾಲೀಕರು ಪ್ರತಿ ಸೇವಾ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನವನ್ನು ಗ್ರಾಚ್ಯುಟಿಯಲ್ಲದೆ ಬೇರೆಯಾಗಿ ಕೊಡಬೇಕಿತ್ತು. ನನ್ನ ಪಾಲಿಗೆ ಅದು ಲಕ್ಷ ದಾಟುತ್ತಿತ್ತು. ‘ಚೀನಾ ಮಾಲು ಬಂದರೆ ನಾವೇನು ಮಾಡೋಣ, ಕೈ ಮೀರಿದ ಮಾತು’ ಎಂದು ಮ್ಯಾನೇಜರ್ ಅಂದಿದ್ದನ್ನು ನಾನೂ ನಂಬಿದ್ದೆ. ಹಣದ ತೊಂದರೆ, ಮಾರಾಟವಾಗದೆ ಉಳಿದ ದಾಸ್ತಾನು, ಇವು ‘ಕೈ ಮೀರಿದ ಕಾರಣ’ ಅಲ್ಲ ಎಂದು ಆ ಕಾಯ್ದೆಯಲ್ಲೇ ಬಿಡಿಸಿ ಬರೆದಿದ್ದರು.

ಪ್ಯಾಕಿಂಗ್ ವಿಭಾಗದ ಒಬ್ಬ ಅಕ್ಕ ಮಾತ್ರ ಬರೆದುಕೊಡಲಿಲ್ಲ. ‘ನಾನು ಬಿಡುತ್ತಿಲ್ಲ ಸ್ವಾಮಿ, ನೀವು ಬಿಡಿಸುತ್ತಿದ್ದೀರಿ. ಹಾಗೆಂದೇ ಬರೆದುಕೊಡಿ’ ಎಂದು ಎರಡು ದಿನ ಬಾಗಿಲಲ್ಲೇ ಕುಳಿತರು. ನಾವು ನಕ್ಕೆವು. ಮೂರನೆಯ ದಿನ ಲೆಟರ್‌ಹೆಡ್‌ನಲ್ಲಿ, ಕಾರ್ಖಾನೆ ಮುಚ್ಚಿದ ಕಾರಣ ಇಂಥ ದಿನದಿಂದ ಕೆಲಸವಿಲ್ಲ ಎಂಬ ಪತ್ರ ಅವರ ಕೈಗೆ ಬಂತು. ನೀವು ಕೇಳಬೇಕಾದದ್ದು ಆ ಪತ್ರವನ್ನೇ. ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ಕಾರಣ ಏನೆಂದು ನಮೂದಿಸಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ. ಸಹಿ ಹಾಕುವ ಯಾವ ಕಾಗದವೇ ಆಗಲಿ, ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಅಕ್ಕನಿಗೆ ಭತ್ಯೆ ಮಂಜೂರಾಯಿತು. ಅವರ ಮಾತು ಕೇಳಿ ನಾನೂ ಇಎಸ್‌ಐ ಶಾಖಾ ಕಚೇರಿಗೆ ಹೋದೆ. ಗುಮಾಸ್ತರು ಕಡತದಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿ, ‘ಇದು ನಿಮ್ಮ ಅಕ್ಷರವೇ?’ ಎಂದು ಕೇಳಿದರು.