ಬಿಪಿಗೆ ಜೋಡಿ ಮಾತ್ರೆ: ಅಮ್ಲೊಡಿಪಿನ್ ಇರೋದಾ, ನೀರಿನ ಮಾತ್ರೆ ಇರೋದಾ?

ಡಾಕ್ಟರು ಎರಡು ಔಷಧಿ ಸೇರಿದ ಬಿಪಿ ಮಾತ್ರೆ ಬರೆದರೆ, ಅದು ಹಲವು ಸಲ ಈ ಎರಡರಲ್ಲೊಂದು: ಟೆಲ್ಮಿಸಾರ್ಟನ್ 40 ಜೊತೆ ಅಮ್ಲೊಡಿಪಿನ್ 5, ಇಲ್ಲವೇ ಟೆಲ್ಮಿಸಾರ್ಟನ್ 40 ಜೊತೆ ಹೈಡ್ರೋಕ್ಲೋರೋಥಿಯಾಜೈಡ್ ಅನ್ನುವ ನೀರಿನ ಮಾತ್ರೆ 12.5 ಮಿಲಿಗ್ರಾಂ. ಹೆಸರುಗಳು ಒಂದೇ ಥರ ಕಾಣುತ್ತವೆ. ಕೊನೆಯ ಎಎಂ (ಅಮ್ಲೊಡಿಪಿನ್ ಇರೋದು), ಎಚ್ (ನೀರಿನ ಮಾತ್ರೆ ಇರೋದು) ಅಕ್ಷರ ನೋಡದೆ ಅಂಗಡಿಯಿಂದ ತರಬೇಡಿ.

ಅಮ್ಲೊಡಿಪಿನ್ ರಕ್ತನಾಳ ಸಡಿಲಿಸುತ್ತದೆ. ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ಇದು ಹೆಚ್ಚಾಗಿ ಕಾಣುವ ತೊಂದರೆ.

ನೀರಿನ ಮಾತ್ರೆ ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬೆಳಿಗ್ಗೆ ತಗೊಂಡರೆ ರಾತ್ರಿ ಪದೇಪದೇ ಏಳುವುದು ತಪ್ಪುತ್ತದೆ. ಆದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿದು ಸುಸ್ತು, ಗೊಂದಲ ಬರಬಹುದು. ಯೂರಿಕ್ ಆಸಿಡ್ ಜಾಸ್ತಿಯಾಗಿ ಗೌಟ್ (ಕೀಲು ಊದಿ ನೋಯುವ ಕಾಯಿಲೆ) ನೋವು ಕೆರಳಬಹುದು. ಶುರು ಮಾಡಿದ ಕೆಲವು ವಾರದಲ್ಲೇ ರಕ್ತಪರೀಕ್ಷೆ ಮಾಡಿಸಿ. ಗೌಟ್ ಇದ್ದರೆ, ಅಥವಾ ಹಿಂದೆ ಸೋಡಿಯಂ ಇಳಿದಿದ್ದರೆ ನಾನು ಎಎಂ ಬಗ್ಗೆಯೇ ಡಾಕ್ಟರನ್ನು ಕೇಳುತ್ತೇನೆ. ಕಾಲು ಊತ ತಡೆಯಲಾಗದಿದ್ದರೆ ಎಚ್ ಬಗ್ಗೆ.

ಎರಡರಲ್ಲೂ ಟೆಲ್ಮಿಸಾರ್ಟನ್ ಇದೆ ಅಲ್ವಾ, ಹಾಗಾಗಿ ಗರ್ಭಿಣಿಯರಿಗೆ ಎರಡೂ ಬೇಡ. ಮಂಡಿನೋವಿಗೆ ಸುಮ್ನೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಕಿಡ್ನಿಗೆ ಪೆಟ್ಟು. ಪೊಟ್ಯಾಸಿಯಂ ಇರುವ 'ಲೋ ಸೋಡಿಯಂ' ಉಪ್ಪನ್ನೂ ಕೇಳದೆ ಬಳಸಬೇಡಿ. ವಾಂತಿ ಭೇದಿ ಹತ್ತಿದ ದಿನ ಮಾತ್ರೆ ನುಂಗುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಒಂದು ದಿನ ಮರೆತರೆ ಮರುದಿನ ಎರಡು ತಗೋಬೇಡಿ. ಮನೆಯಲ್ಲಿ ಹಳೆಯ ಅಮ್ಲೊಡಿಪಿನ್ ಮಾತ್ರೆಯ ಸ್ಟ್ರಿಪ್ ಉಳಿದಿದ್ದರೆ ಈಗಲೇ ತೆಗೆದಿಡಿ. ಅದನ್ನೂ ಎಎಂ ಮಾತ್ರೆಯನ್ನೂ ಸೇರಿಸಿ ನುಂಗಿದರೆ ಅಮ್ಲೊಡಿಪಿನ್ ಡೋಸ್ ದುಪ್ಪಟ್ಟಾಗಬಹುದು.