ಎಂಟು ತಿಂಗಳು ಕಾದು ತಂದ ವಾಲ್ವ್ ಆಂಪ್ಲಿಫೈಯರ್: ಕಲಬುರಗಿಯ ಏಳು ಬೇಸಿಗೆ ಕಳೆದ ಮೇಲೆ

ಮೊದಲು ಸಿಟ್ಟಿನ ಮಾತು ಹೇಳಿ ಮುಗಿಸುತ್ತೇನೆ. 2017ರ ಅಕ್ಟೋಬರ್‌ನಲ್ಲಿ ಅರ್ಧ ಹಣ ಕೊಟ್ಟಾಗ ಕಟ್ಟಿಕೊಡುವವರು ಹತ್ತು ವಾರ ಅಂದಿದ್ದರು. ಆಂಪ್ಲಿಫೈಯರ್, ಅಂದರೆ ಹಳೆಯ ರೇಡಿಯೊಗಳ ಹಾಗೆ ಗಾಜಿನ ವಾಲ್ವ್‌ಗಳಿಂದ ಹಾಡಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ನನ್ನ ಕೈಗೆ ಬಂದಿದ್ದು 2018ರ ಜೂನ್‌ನಲ್ಲಿ. ಅಷ್ಟರಲ್ಲಿ ನಮ್ಮ ಮಿಲ್ಲಿಗೆ ಒಂದು ಸೀಸನ್ನಿನ ತೊಗರಿ ಬಂದು, ಬೇಳೆಯಾಗಿ, ಲಾರಿ ಹತ್ತಿ ಹೋಗಿಯೂ ಆಗಿತ್ತು. ಕೊಟ್ಟ 21,000 ರೂಪಾಯಿ ಹೋದಂತೆಯೇ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದರು. ನಾನೂ ಹೆಚ್ಚುಕಡಿಮೆ ಮಾಡಿದ್ದೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಇಡೀ ದಿನ ಕಿವಿಗೆ ಯಂತ್ರದ ಸದ್ದು. ರಾತ್ರಿ ಊಟ ಆದ ಮೇಲೆ ಒಂದು ತಾಸು ಹಾಡು ಕೇಳುವುದು ನನಗೆ ಚಟ ಅಂದರೂ ಸರಿ, ಔಷಧ ಅಂದರೂ ಸರಿ. ಮನ್ಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿ. ರೂಮು ಹತ್ತು ಅಡಿಗೆ ಹನ್ನೆರಡು ಅಡಿ. ಪಕ್ಕದ ರೂಮಿನಲ್ಲಿ ಮಕ್ಕಳು ಓದುತ್ತಿರುತ್ತಾರೆ, ಹಾಗಾಗಿ ಸದ್ದು ಸಣ್ಣದೇ ಇರಬೇಕು. ಈ ವಿಮರ್ಶೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಅಭ್ಯಾಸ ಬೇರೆ ಇದ್ದರೆ ನಿಮ್ಮ ತೀರ್ಮಾನವೂ ಬೇರೆಯೇ ಆಗುತ್ತದೆ.

ಇದಕ್ಕೂ ಮೊದಲು ನನ್ನ ಹತ್ತಿರ ದೊಡ್ಡ ಕಂಪನಿಯೊಂದರ ಹೋಮ್ ಥಿಯೇಟರ್ ಇತ್ತು. 28,000 ರೂಪಾಯಿ ಕೊಟ್ಟಿದ್ದೆ. ಮೂರನೇ ವರ್ಷ ಒಂದು ರಾತ್ರಿ ವೋಲ್ಟೇಜ್ ಏರಿತು, ಅದು ಸುಮ್ಮನಾಯಿತು. ಸರ್ವಿಸ್ ಸೆಂಟರ್‌ನಲ್ಲಿ ಹದಿನೈದು ದಿನ ಇಟ್ಟುಕೊಂಡು, ಈ ಬೋರ್ಡ್ ಈಗ ಬರುವುದಿಲ್ಲ, ಹೊಸ ಮಾಡೆಲ್ ನೋಡಿ ಅಂದರು. ಮನೆಗೆ ತಂದು ನಾನೇ ಮುಚ್ಚಳ ಬಿಚ್ಚಿ ನೋಡಿದೆ. ಎಲ್ಲ ಹೊಸದರ ಹಾಗೆ ಹೊಳೆಯುತ್ತಿತ್ತು. ಉಗುರಿನಷ್ಟು ಅಗಲದ ಒಂದು ಚಿಪ್ ಮಾತ್ರ ಸುಟ್ಟು ಕಪ್ಪಾಗಿತ್ತು. ಅಷ್ಟಕ್ಕೇ ಇಡೀ ಪೆಟ್ಟಿಗೆ ಕಸ. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಆಮೇಲೆ ಪರಿಚಯದವರೊಬ್ಬರಿಂದ ಹುಬ್ಬಳ್ಳಿಯ ಒಬ್ಬರ ಫೋನ್ ನಂಬರ್ ಸಿಕ್ಕಿತು. ಹೊಟ್ಟೆಪಾಡಿಗೆ ಮೋಟರ್ ರಿವೈಂಡಿಂಗ್ ಮಾಡುವವರು. ರಾತ್ರಿ ಹೊತ್ತು ತಾವೇ ಟ್ರಾನ್ಸ್‌ಫಾರ್ಮರ್ ಸುತ್ತಿ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಾರೆ. ಒಂದು ಸಲಕ್ಕೆ ಒಂದೇ. ಬೆಲೆ 42,000. ಆಗಿನ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಹತ್ತು ವಾರ ಕಳೆಯಿತು. ಸಂಕ್ರಾಂತಿ ಬಂತು. ಫೋನ್ ಮಾಡಿದರೆ ಕೆಲವು ಸಲ ಎತ್ತುತ್ತಿದ್ದರು, ಕೆಲವು ಸಲ ಇಲ್ಲ. ಫೆಬ್ರವರಿಯಲ್ಲಿ ಮೂರು ವಾರ ಸುದ್ದಿಯೇ ಇಲ್ಲ. ಹಣ ವಾಪಸ್ ಕೊಡಿ ಅಂತ ಒಂದು ಗಟ್ಟಿ ಮೆಸೇಜ್ ಹಾಕಿದೆ. ಎರಡು ದಿನ ಬಿಟ್ಟು ಒಂದು ಫೋಟೊ ಬಂತು. ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಹಾಸಿಟ್ಟಿದ್ದರು. ತಂತಿಯ ಪದರಗಳ ನಡುವಿನ ಕಾಗದ ಒಂದು ಕಡೆ ಕಂದಿ ಕರಕಲಾಗಿತ್ತು. ಆಮೇಲೆ ಫೋನ್ ಬಂತು. "ಎರಡು ದಿನ ಓಡಿಸಿ ನೋಡಿದೆ, ಒಂದು ಸುಟ್ಟಿತ್ರಿ. ಇನ್ನೊಂದು ಚಲೋ ಐತಿ. ಆದ್ರ ಜೋಡಿ ಒಂದ ಕೈಯಾಗ, ಒಂದ ತಂತಿಯಾಗ ಆಗಬೇಕು. ಎರಡೂ ಮತ್ತ ಸುತ್ತಾಕತ್ತೇನ್ರಿ" ಅಂದರು.

ತಡ ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ನನ್ನದು ಎರಡು ಇಎಲ್84 ವಾಲ್ವ್‌ಗಳ ಸಿಂಗಲ್ ಎಂಡೆಡ್ ಸರ್ಕ್ಯೂಟ್, ಅಂದರೆ ಎಡ, ಬಲ ಚಾನೆಲ್‌ಗೆ ಒಂದೊಂದೇ ವಾಲ್ವ್ ಪೂರ್ತಿ ಕೆಲಸ ಮಾಡುತ್ತದೆ. ಇದರಲ್ಲಿ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ಸದಾ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್ ಹರಿಯುತ್ತಿರುತ್ತದೆ. ಕಬ್ಬಿಣದ ಪಟ್ಟಿಗಳ ನಡುವೆ ಕಾಗದದಷ್ಟು ಸಂದು ಬಿಡಬೇಕು. ಬಿಡದಿದ್ದರೆ ಆ ಕಬ್ಬಿಣದ ಕೋರ್ ಕಾಂತಶಕ್ತಿಯಿಂದ ತುಂಬಿಕೊಂಡು ಸದ್ದು ಒಡೆಯುತ್ತದೆ. ಜಾಸ್ತಿ ಬಿಟ್ಟರೆ ಬಾಸ್ ಸೊರಗುತ್ತದೆ. ಮೇಲಿನ ಸ್ವರಗಳು ಮಂಕಾಗಬಾರದು ಅಂತ ಒಳ ಸುರುಳಿ, ಹೊರ ಸುರುಳಿಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಸುತ್ತಬೇಕು, ಪ್ರತಿ ಪದರಕ್ಕೂ ಕಾಗದ ಹಾಕಬೇಕು. ಕೊನೆಗೆ ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಬೇಕು. ಒಂದು ಕಡೆ ತಂತಿಯ ಮೇಲಿನ ಲೇಪ ಗೀರಿದರೆ ಮುಗಿಯಿತು, ಮೊದಲಿಂದ ಶುರು. ನನಗೆ ಆ ಸುಟ್ಟ ಫೋಟೊ ಕಳಿಸದೆ, ಚಲೋ ಇದ್ದದ್ದಕ್ಕೆ ಬೇರೆ ಯಾವುದೋ ಜೋಡಿಸಿ ಜನವರಿಯಲ್ಲೇ ಕೊಟ್ಟುಬಿಡಬಹುದಿತ್ತು. ನನಗೆ ಗೊತ್ತೂ ಆಗುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಕಾಯಿಸಿದ್ದಕ್ಕೆ ನನಗೆ ಸಿಟ್ಟಿಲ್ಲ, ಸುದ್ದಿ ಕೊಡದೆ ಕಾಯಿಸಿದ್ದಕ್ಕೆ ಇದೆ. ಸುಟ್ಟಾಗಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಜೂನ್‌ನಲ್ಲಿ ನಾನೇ ಹುಬ್ಬಳ್ಳಿಗೆ ಹೋಗಿ ತಂದೆ. ಹನ್ನೊಂದು ಕೆಜಿ. ವಾಲ್ವ್‌ಗಳನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಹತ್ತಿ ಹಾಕಿ ಕೊಟ್ಟರು. ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಕಾಲ ಹತ್ತಿರ, ವಾಲ್ವ್ ಡಬ್ಬಿ ತೊಡೆಯ ಮೇಲೆ. ವಿಜಯಪುರ ದಾಟುವ ತನಕ ಕಣ್ಣು ಮುಚ್ಚಲಿಲ್ಲ.

ಈಗ ದಿನದ ಕ್ರಮ ಹೇಳುತ್ತೇನೆ. ಆಂಪ್ಲಿಫೈಯರ್ ಕೂತಿರುವುದು ಎರಡಡಿಯ ಶಹಾಬಾದ್ ಕಲ್ಲಿನ ಮೇಲೆ. ಮನೆ ಕಟ್ಟಿಸುವಾಗ ನೆಲಕ್ಕೆ ಹಾಕಿ ಉಳಿದ ತುಂಡು. ವಾಲ್ವ್ ಅದುರಿದರೆ ಆಗುವುದಿಲ್ಲ, ಪಕ್ಕದಲ್ಲಿ ಯಾರಾದರೂ ಹೆಜ್ಜೆ ಹಾಕಿದರೂ ಸ್ಪೀಕರ್‌ನಲ್ಲಿ ಟಿಣ್ ಅನ್ನುತ್ತದೆ. ಮರದ ಟೇಬಲ್ ಮೇಲಿಟ್ಟಾಗ ಆ ಕಾಟ ಇತ್ತು. ಕಲ್ಲಿನ ಮೇಲೆ ನಿಂತಿತು. ಒಂಬತ್ತು ಗಂಟೆಗೆ, ಊಟಕ್ಕೆ ಕೂರುವ ಮೊದಲು, ಒಂದು ಪೇಂಟಿಂಗ್ ಬ್ರಶ್‌ನಿಂದ ಧೂಳು ಹೊಡೆಯುತ್ತೇನೆ. ನಮ್ಮೂರ ಕಪ್ಪು ಮಣ್ಣಿನ ಧೂಳು ಒಂದೇ ದಿನಕ್ಕೆ ಗಾಜಿನ ಮೇಲೆ ಕೂರುತ್ತದೆ. ಆಮೇಲೆ ಸ್ಟೆಬಿಲೈಸರ್, ಆಮೇಲೆ ಆಂಪ್ಲಿಫೈಯರ್. ಅರ್ಧ ನಿಮಿಷದಲ್ಲಿ ವಾಲ್ವ್ ಒಳಗೆ ಸಣ್ಣ ಕೆಂಪು ಕಿಡಿ ಕಾಣುತ್ತದೆ, ಒಲೆಯ ಬೂದಿಯಲ್ಲಿ ಕೆಂಡ ಕಂಡ ಹಾಗೆ. ನಾನು ಊಟಕ್ಕೆ ಹೋಗುತ್ತೇನೆ. ರೊಟ್ಟಿ, ಪುಂಡಿಪಲ್ಲೆ ಮುಗಿಸಿ ಬರುವಷ್ಟರಲ್ಲಿ ಅದು ಸರಿಯಾಗಿ ಕಾದಿರುತ್ತದೆ. ಕಾಯದೆ ಹಚ್ಚಿದರೂ ಹಾಡು ಬರುತ್ತದೆ, ಆದರೆ ಸ್ವಲ್ಪ ಒಣಗಿದ ಹಾಗೆ ಕೇಳುತ್ತದೆ. ಇಪ್ಪತ್ತು ನಿಮಿಷದ ನಂತರ ತಂಬೂರಿ ರೂಮಿನ ತುಂಬ ಹರಡಿಕೊಳ್ಳುತ್ತದೆ.

ಸದ್ದಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ಒಂದು ಮಾತ್ರ ಹೇಳುತ್ತೇನೆ. ಮನ್ಸೂರರು ಒಂದು ತಾನ್ ಮುಗಿಸಿ ಮುಂದಿನದಕ್ಕೆ ಉಸಿರು ಎಳೆದುಕೊಳ್ಳುವುದು ಹಳೆಯ ಸೆಟ್‌ನಲ್ಲಿ ನನಗೆ ಕೇಳಿಸಿಯೇ ಇರಲಿಲ್ಲ. ಇದರಲ್ಲಿ ಸಣ್ಣ ವಾಲ್ಯೂಮ್‌ನಲ್ಲೂ ಕೇಳುತ್ತದೆ. ಚಾನೆಲ್‌ಗೆ ಐದು ವ್ಯಾಟ್ ಮಾತ್ರ ಅಂದರೆ ಜನ ಹಗುರವಾಗಿ ನೋಡುತ್ತಾರೆ. ಆದರೆ ಐದು ವ್ಯಾಟ್‌ಗೂ ಐವತ್ತು ವ್ಯಾಟ್‌ಗೂ ಇರುವ ವ್ಯತ್ಯಾಸ, ಸದ್ದು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ, ಹತ್ತು ಡೆಸಿಬೆಲ್, ಕಿವಿಗೆ ಸುಮಾರು ಎರಡು ಪಟ್ಟು ಅಷ್ಟೇ. ಸ್ಪೀಕರ್ ಸರಿ ಇರಬೇಕು. ನನ್ನವು ಎಂಟು ಇಂಚಿನ ಫುಲ್ ರೇಂಜ್, ಅಂದರೆ ಎಲ್ಲ ಸ್ವರವನ್ನೂ ಒಂದೇ ಸ್ಪೀಕರ್ ಹಾಡುವಂಥವು, ಒಂದು ವ್ಯಾಟ್‌ಗೇ 92 ಡೆಸಿಬೆಲ್ ಕೊಡುತ್ತವೆ. ಪೆಟ್ಟಿಗೆ ಮಾಡಿದ್ದು ನಮ್ಮ ಓಣಿಯ ಬಡಗಿ.

ಇನ್ನು ದೋಷಕ್ಕೆ ಬರುತ್ತೇನೆ. ನಾನು ಇದನ್ನು ಬರೆಯಲು ಕೂತಿರುವುದೇ ಅದಕ್ಕಾಗಿ.

2024ರ ಮೇ ತಿಂಗಳು. ಆರನೇ ಬೇಸಿಗೆ. ನಮ್ಮಲ್ಲಿ ಆಗ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ, ರಾತ್ರಿ ಗೋಡೆಯೂ ಬಿಸಿ ಉಗುಳುತ್ತಿರುತ್ತದೆ. ಒಂದು ದಿನ ಹಾಡಿನ ಹಿಂದೆ ಗುಂಯ್ ಅಂತ ಸದ್ದು ಶುರುವಾಯಿತು. ವಾರದಲ್ಲಿ ಜಾಸ್ತಿ ಆಯಿತು. ಮೊದಲು ಕೇಬಲ್ ಬದಲಾಯಿಸಿದೆ. ಆಮೇಲೆ ಅರ್ಥಿಂಗ್ ಗುಂಡಿ ಒಣಗಿರಬೇಕು ಅಂತ ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಹೊಯ್ದೆ. ಏನೂ ಆಗಲಿಲ್ಲ. ಹುಬ್ಬಳ್ಳಿಗೆ ಹೊತ್ತುಕೊಂಡು ಹೋಗುವುದು, ಮತ್ತೆ ಎಂಟು ತಿಂಗಳು ಕಾಯುವುದು ನೆನೆದು ಎದೆ ಧಸಕ್ ಅಂದಿತು.

ಸೂಪರ್ ಮಾರ್ಕೆಟ್ ಹತ್ತಿರ ಹಳೆಯ ರೇಡಿಯೊ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಈಗ ಹೆಚ್ಚಾಗಿ ಮಿಕ್ಸರ್, ಫ್ಯಾನ್ ನೋಡುತ್ತಾರೆ. ಅವರನ್ನೇ ಮನೆಗೆ ಕರೆದುಕೊಂಡು ಬಂದೆ. ಅವರು ಮಾಡಿದ ಮೊದಲ ಕೆಲಸ ವಾಲ್ಯೂಮ್ ಪೂರ್ತಿ ಇಳಿಸಿದ್ದು. ಗುಂಯ್ ಸದ್ದು ಹಾಗೇ ಇತ್ತು. "ವಾಲ್ಯೂಮ್ ಕಮ್ಮಿ ಮಾಡಿದ್ರೂ ಹಂಗೇ ಅದ. ಹೊರಗಿಂದಲ್ರಿ, ಒಳಗಿಂದು. ಕೆಪಾಸಿಟರ್ ಹೋಗ್ಯಾದ" ಅಂದರು. ಕೆಪಾಸಿಟರ್ ಅಂದರೆ ಕರೆಂಟನ್ನು ಹಿಡಿದಿಟ್ಟು ಅದರ ಏರಿಳಿತ ಸಮ ಮಾಡುವ ಸಣ್ಣ ಭಾಗ. ನಾನು ಹದಿನೈದು ದಿನ ಒದ್ದಾಡಿದ್ದು ಅವರಿಗೆ ಅರ್ಧ ನಿಮಿಷದ ಕೆಲಸ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರು. ಇದರ ಒಳಗೆ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ಆರಿಸಿದ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದುಕೊಂಡಿರಬಹುದು. ದಯವಿಟ್ಟು ಗೊತ್ತಿಲ್ಲದವರು ಯಾರೂ ಕೈ ಹಾಕಬೇಡಿ. ಆಮೇಲೆ ತಳದ ತಗಡು ಬಿಚ್ಚಿ, ಮೀಟರ್ ಹಿಡಿದು ನೋಡಿ, ತಗಡನ್ನು ತಿರುಗಿಸಿ ಪಕ್ಕಕ್ಕಿಡಲು ಹೋದರು. ಅಲ್ಲಿ ಒಳಬದಿಗೆ ಒಂದು ಹಾಳೆ ಅಂಟಿಸಿತ್ತು.

ಆರು ವರ್ಷದಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಇಡೀ ಸರ್ಕ್ಯೂಟ್‌ನ ನಕ್ಷೆ, ನೀಲಿ ಪೆನ್ನಿನಲ್ಲಿ, ಕೈಯಿಂದ ಬರೆದದ್ದು. ಪ್ರತಿ ರೆಸಿಸ್ಟರ್, ಪ್ರತಿ ಕೆಪಾಸಿಟರ್‌ನ ಅಳತೆ. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು ಅಂತ ಒಂದೊಂದಕ್ಕೂ ಬಾಣ ಹಾಕಿ ಬರೆದಿದ್ದರು. ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಲೆಕ್ಕ, ತಂತಿಯ ಗೇಜ್ ಕೂಡ ಇತ್ತು. ಕೆಳಗೆ ತಾರೀಖು. ಕನ್ನಡಕ ಏರಿಸಿಕೊಂಡು ಚಾಚಾ ಅದನ್ನು ಪೂರ್ತಿ ಓದಿದರು. "ಎಲ್ಲಾ ಬರ್ದಾರ ನೋಡ್ರಿ. ಹಿಂಗ ಬರ್ದ್ರ ನಮಗೇನು ತ್ರಾಸು?" ಅಂದರು.

ಕೆಟ್ಟ ಕೆಪಾಸಿಟರ್‌ನ ಅಳತೆ 47 ಮೈಕ್ರೊಫ್ಯಾರಡ್, 450 ವೋಲ್ಟ್. ಹಾಕಿದ್ದು 85 ಡಿಗ್ರಿಯ ಮಾಲು, ಅಂದರೆ ಅಷ್ಟು ಬಿಸಿಯವರೆಗೆ ತಡೆಯುವಂಥದ್ದು. ಅದೂ ಬಿಸಿ ವಾಲ್ವ್‌ಗೆ ಎರಡು ಬೆರಳು ದೂರದಲ್ಲಿ. ಇಂಥ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ, ಬಿಸಿಗೆ ಅದು ಒಣಗುತ್ತಾ ಹೋಗುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ಕಟ್ಟಿದವರದ್ದು ಹುಬ್ಬಳ್ಳಿ ಹವಾ. ಅಲ್ಲಿ ಇದು ಇನ್ನೂ ಎಷ್ಟೋ ವರ್ಷ ಬರುತ್ತಿತ್ತೋ ಏನೋ. ಕಲಬುರಗಿಯ ಬಿಸಿಲನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದು ಅವರ ತಪ್ಪೇ. ಫೋನ್ ಮಾಡಿ ಹೇಳಿದೆ. ವಾದ ಮಾಡಲಿಲ್ಲ. ಈಗ ಎಲ್ಲರಿಗೂ 105 ಡಿಗ್ರಿಯದ್ದೇ ಹಾಕುತ್ತೇನೆ, ವಾಲ್ವ್‌ನಿಂದ ದೂರ ಕೂರಿಸುತ್ತೇನೆ ಅಂದರು. ಹೊಸ ಕೆಪಾಸಿಟರ್‌ಗೆ ಹಣ ಕಳಿಸುತ್ತೇನೆ ಅಂತಲೂ ಹೇಳಿದರು. ನಾನೇ ಬೇಡ ಅಂದೆ.

ಚಾಚಾ 105 ಡಿಗ್ರಿಯ ಎರಡು ಕೆಪಾಸಿಟರ್ ತಂದು, ಜಾಗ ಬದಲಿಸಿ ಬೆಸೆದರು. ಸಾಮಾನು, ಕೂಲಿ ಸೇರಿ 650 ರೂಪಾಯಿ. ಆಂಪ್ಲಿಫೈಯರ್ ಮನೆಯಿಂದ ಹೊರಗೆ ಹೋಗಲೇ ಇಲ್ಲ. ಹೋಗುವ ಮುಂಚೆ ಪೆನ್ನು ಕೇಳಿದರು. ನಕ್ಷೆಯ ಮೇಲೆ ಹಳೆಯ ಕೆಪಾಸಿಟರ್ ಪಕ್ಕ ಒಂದು ಗೀಟು ಎಳೆದು, ಹೊಸದು ಯಾವುದು, ಯಾವತ್ತು ಹಾಕಿದ್ದು ಅಂತ ಬರೆದರು.

28,000ದ ಪೆಟ್ಟಿಗೆ ಮೂರು ವರ್ಷಕ್ಕೆ ಕಸವಾಗಿತ್ತು. ಇದು ಕೆಟ್ಟರೂ ಕಸವಾಗಲಿಲ್ಲ. ಒಂದು ಹಾಳೆಯ ದೆಸೆಯಿಂದ. ಎಂಟು ತಿಂಗಳ ಸಿಟ್ಟು ನನಗೆ ಪೂರ್ತಿ ಇಳಿದಿದ್ದು ಆ ದಿನ.

ಬೇರೆ ಖರ್ಚು ಅಂದರೆ ಒಂದು ಜೋಡಿ ಇಎಲ್84, 2,400 ರೂಪಾಯಿ. ಸ್ಲೊವಾಕಿಯಾದಲ್ಲಿ ಈಗಲೂ ಇವನ್ನು ತಯಾರಿಸುತ್ತಾರೆ, ಹಾಗಾಗಿ ಸಿಗುತ್ತದೋ ಇಲ್ಲವೋ ಅನ್ನುವ ಭಯ ಇಲ್ಲ. ಸಣ್ಣ ವಾಲ್ವ್ 12ಎಎಕ್ಸ್7 ಬದಲಿಗೆ ಚಾಚಾ ತಮ್ಮ ಡಬ್ಬಿಯಿಂದ ಬೆಂಗಳೂರಿನ ಬಿಇಎಲ್‌ನವರು ಹಿಂದೆ ಮಾಡುತ್ತಿದ್ದ ಇಸಿಸಿ83 ಒಂದನ್ನು ಕೊಟ್ಟಿದ್ದಾರೆ. ಎರಡೂ ಒಂದೇ ಜಾತಿಯವು. ಈಗ ಅದೇ ಹಾಡುತ್ತಿದೆ.

ಯಾರು ತೆಗೆದುಕೊಳ್ಳಬಾರದು? ಮದುವೆ ಮನೆಯ ಹಾಗೆ ಸದ್ದು ಬೇಕು ಅನ್ನುವವರು. ಸಿನಿಮಾ ನೋಡುವವರು. ನನ್ನ ಮಗನಿಗೆ ಇದರಲ್ಲಿ ಬಾಸ್ ಸಾಲದು, ಅವನು ಹೇಳುವುದು ನಿಜವೇ. ರಿಮೋಟ್ ಇಲ್ಲ, ಬ್ಲೂಟೂತ್ ಇಲ್ಲ. ಸುಮಾರು 60 ವ್ಯಾಟ್ ಕರೆಂಟು ತಿಂದು ಅದರಲ್ಲಿ ಬಹಳಷ್ಟನ್ನು ಬಿಸಿಯಾಗಿ ರೂಮಿಗೆ ಬಿಡುತ್ತದೆ. ಏಪ್ರಿಲ್, ಮೇನಲ್ಲಿ ನಾನು ರಾತ್ರಿ ಹತ್ತರ ಮೇಲೆಯೇ ಹಚ್ಚುವುದು, ಅದೂ ಕಿಟಕಿ ತೆಗೆದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ವಾಲ್ವ್ ಸುತ್ತ ಜಾಲರಿ ಹಾಕಿಸಿ, ಮುಟ್ಟಿದರೆ ಬೊಬ್ಬೆ ಬರುತ್ತದೆ.

ಕೈಯಲ್ಲಿ ಕಟ್ಟುವವರ ಹತ್ತಿರ ಆರ್ಡರ್ ಕೊಡುವುದಾದರೆ ವ್ಯಾಟ್ ಎಷ್ಟು, ವಾರ ಎಷ್ಟು ಅಂತ ಕೇಳುವುದಕ್ಕೂ ಮೊದಲು ಸರ್ಕ್ಯೂಟ್ ನಕ್ಷೆ ಕೊಡುತ್ತೀರಾ ಅಂತ ಕೇಳಿ. ಕೊಡುವುದಿಲ್ಲ ಅಂದರೆ ನಾನಾದರೆ ಮುಂಗಡ ಕೊಡುವುದಿಲ್ಲ. ನಿಮ್ಮ ಊರಿನ ಬಿಸಿಲು ಎಷ್ಟು ಅಂತಲೂ ಅವರಿಗೆ ಹೇಳಿ. ಕಲಬುರಗಿ, ಯಾದಗಿರಿ ಕಡೆಯವರಾದರೆ 105 ಡಿಗ್ರಿಯ ಕೆಪಾಸಿಟರ್ ಹಾಕಿ ಅಂತ ಮೊದಲೇ ಬರೆಸಿ.

ನನ್ನ ನಕ್ಷೆಯ ನೀಲಿ ಶಾಯಿ ಬಿಸಿಗೆ ಒಂದು ಮೂಲೆಯಲ್ಲಿ ಮಾಸಲು ಶುರುವಾಗಿತ್ತು. ಹೋದ ವಾರ ಎರಡು ಜೆರಾಕ್ಸ್ ಮಾಡಿಸಿದೆ. ಒಂದು ಮನೆಯ ಕಾಗದಪತ್ರಗಳ ಫೈಲಿನಲ್ಲಿದೆ. ಇನ್ನೊಂದನ್ನು ಚಾಚಾ ತಮ್ಮ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದಾರೆ.